ಮುಳ್ಳಿಲ್ಲದ ಮೀನು

ಶಿರ್ತಾಡಿಯ ಮುಂಡಪ್ಪ ಶೆಟ್ಟರು ಐವತ್ತನಾಲ್ಕು ವರ್ಷ ಬದುಕಿದ್ದು ಮೀನಿನ ಬಲದಿಂದ. ಅನ್ನವನ್ನೂ ಉಣ್ಣುತ್ತಿದ್ದರು, ಆದರೆ ಬರಿ ಬಾಳೆಲೆಗೆ ಬಡಿಸಿದರೆ ಮೀನಿನ ಸಾರು ಹರಿದು ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ. ತರಕಾರಿಯ ಬಗ್ಗೆ ಅವರ ಅಭಿಪ್ರಾಯ ಊರಿಗೆಲ್ಲ ಗೊತ್ತಿತ್ತು. "ದನ ತಿನ್ನುವುದನ್ನೆಲ್ಲ ನಾವು ತಿಂದರೆ ದನ ಎಂತ ತಿನ್ನಬೇಕು ಮಾರಾಯ?" ಎಂದು ಅವರು ಕೇಳುತ್ತಿದ್ದರು. ಹಟ್ಟಿಯ ದನಗಳ ಮೇಲೆ ಇಷ್ಟು ಕನಿಕರವಿರುವ ಮನುಷ್ಯನಿಗೆ ಕೇಳಿದವರು ಕೈಮುಗಿದು ಎದ್ದು ಹೋಗುತ್ತಿದ್ದರು.

ಮೀನಿನ ವಿಷಯದಲ್ಲಿ ಶೆಟ್ಟರು ಪಂಡಿತರು. ಕಣ್ಣು ಮುಚ್ಚಿಕೊಂಡು ಬಂಗುಡೆಯ ಒಂದು ತುಂಡನ್ನು ಬಾಯಿಗಿಟ್ಟರೆ ಅದು ಮಲ್ಪೆಯದ್ದೋ ಮಂಗಳೂರಿನದ್ದೋ ಹೇಳಿಬಿಡುತ್ತಿದ್ದರು. ಸರಿಯೋ ತಪ್ಪೋ ಎಂದು ವಿಚಾರಿಸಬೇಕಾದರೆ ಬಂಗುಡೆಯನ್ನೇ ಕೇಳಬೇಕಿತ್ತು, ಹಾಗಾಗಿ ಅವರ ಮಾತು ಎಂದೂ ತಪ್ಪಾದದ್ದಿಲ್ಲ. ಬೂತಾಯಿ, ಕಾಣೆ, ಮಾಂಜಿ, ಅಂಜಲ್, ಕೊಡ್ಡೆಯಿ ಎಂದು ಹೆಸರು ಹೇಳಿದರೆ ಸಾಕು, ಅವುಗಳ ಕುಲಗೋತ್ರವನ್ನೆಲ್ಲ ಬಿಡಿಸಿ ಹೇಳುವರು. "ನನಗೆ ಗೊತ್ತಿಲ್ಲ" ಎಂಬ ಮಾತನ್ನು ಮಾತ್ರ ಅವರ ಬಾಯಿಂದ ಕೇಳಿದವರು ಶಿರ್ತಾಡಿಯಲ್ಲಿ ಯಾರೂ ಇರಲಿಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಅದು ಎರಡನೆಯ ಮಳೆಗಾಲ. ಆ ಮಳೆಗಾಲದ ಆರಂಭದಲ್ಲಿ ಶೆಟ್ಟರಿಗೆ ಕುಳಿತುಕೊಳ್ಳಲು ಆಗದ ಕಾಯಿಲೆ ಶುರುವಾಯಿತು. ನಿಲ್ಲಬಹುದು, ಮಲಗಬಹುದು, ಕುಳಿತುಕೊಳ್ಳುವಾಗ ಮಾತ್ರ ಒಂದು ಕಡೆಗೆ ವಾಲಿ, ಹಲ್ಲು ಕಚ್ಚಿ, ದೇವರನ್ನು ನೆನೆದು ಕುಳಿತುಕೊಳ್ಳಬೇಕು. ಹೆಂಡತಿ ಜಲಜಾಕ್ಷಿ ಅವರನ್ನು ಮೂಡುಬಿದಿರೆಯ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು.

"ಶೆಟ್ರೇ, ನಿಮ್ಮ ಹೊಟ್ಟೆಗೆ ಎಷ್ಟು ವರ್ಷದಿಂದ ಎಲೆ, ಸೊಪ್ಪು, ತರಕಾರಿ ಹೋಗಲಿಲ್ಲ?" ಎಂದು ಡಾಕ್ಟರು ಕೇಳಿದರು.

"ಎಲೆ ಹೋಗ್ತದಲ್ಲ ಡಾಕ್ಟ್ರೇ. ದಿನಕ್ಕೆ ಹದಿನೈದು."

"ವೀಳ್ಯದೆಲೆ ಅಲ್ಲ! ತರಕಾರಿ ತಿನ್ನಿ. ಆಟಿ ತಿಂಗಳು ಮುಗಿಯುವುದರೊಳಗೆ ಸರಿಯಾಗದಿದ್ದರೆ ಮಂಗಳೂರಿಗೆ ಹೋಗಿ ಕೊಯ್ಸಬೇಕಾದೀತು."

ಕೊಯ್ಯುವ ಮಾತು ಕೇಳಿ ಶೆಟ್ಟರು ಹೆದರಿದರು. ಆದರೆ ತರಕಾರಿ ತಿನ್ನುವಷ್ಟು ಹೆದರಲಿಲ್ಲ. ಜಲಜಾಕ್ಷಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು "ಆಯಿತು" ಎಂದಳು. ಅವಳು ಹೆಚ್ಚು ಮಾತಿನವಳಲ್ಲ, ಸುಳ್ಳು ಹೇಳುವವಳಂತೂ ಅಲ್ಲ. ಆದರೆ ಅವಳು "ಆಯಿತು" ಎಂದರೆ ಆದ ಹಾಗೆಯೇ ಎಂಬುದು ಮೂವತ್ತು ವರ್ಷ ಸಂಸಾರ ಮಾಡಿದ ಶೆಟ್ಟರಿಗೂ ಗೊತ್ತಿತ್ತು.

ಮೊದಲ ವಾರ ಯುದ್ಧ ಬಹಿರಂಗವಾಗಿಯೇ ನಡೆಯಿತು. ಜಲಜಾಕ್ಷಿ ತೊಂಡೆಕಾಯಿ ಬಡಿಸಿದಳು, ಶೆಟ್ಟರು ಅದನ್ನು ಎಲೆಯ ಅಂಚಿಗೆ ಗಡೀಪಾರು ಮಾಡಿದರು. ಹೀರೆಕಾಯಿ ಬಡಿಸಿದಳು, ಅದನ್ನು ಎಲೆಯ ಅಡಿಯಲ್ಲಿ ಬಚ್ಚಿಟ್ಟರು. ಬೆಂಡೆಕಾಯಿಯನ್ನು ಬೆಕ್ಕಿಗೆ ಹಾಕಿದರು, ಬೆಕ್ಕು ಮೂಸಿ ನೋಡಿ ಹೊರಟುಹೋಯಿತು. "ನೋಡು, ಬುದ್ಧಿ ಇರುವ ಪ್ರಾಣಿ" ಎಂದರು ಶೆಟ್ಟರು. ಮಗಳು ಕುಸುಮ ನಕ್ಕಳು, ಜಲಜಾಕ್ಷಿ ನಗಲಿಲ್ಲ.

ಆಗ ಮುಂಡಾಜೆಯಿಂದ ಬಸ್ಸಿನ ಮೇಲೆ ಒಂದು ಗೋಣಿಚೀಲ ಬಂತು. ಕಳುಹಿಸಿದವನು ಜಲಜಾಕ್ಷಿಯ ತಮ್ಮ ಅಣ್ಣು. ಮುಂಡಾಜೆ ಚಾರ್ಮಾಡಿ ಘಾಟಿಯ ಬುಡದಲ್ಲಿರುವುದರಿಂದ ಘಟ್ಟ ಇಳಿದು ಬರುವ ಲಾರಿಯವರೆಲ್ಲ ಅವನಿಗೆ ಗುರುತು. ಅಕ್ಕನ ಕಷ್ಟ ಕೇಳಿ ಅವನು ಲಾರಿಯವರಿಂದ ತೆಗೆದುಕೊಂಡು ಕಳುಹಿಸಿದ್ದು ಎಂಟು ಎಲೆಕೋಸು. ಆಗೆಲ್ಲ ಶಿರ್ತಾಡಿಯಂಥ ಊರಿನಲ್ಲಿ ಎಲೆಕೋಸು ಕಂಡವರು ಕಡಿಮೆ, ತಿಂದವರು ಇನ್ನೂ ಕಡಿಮೆ. ಕಂಡವರು ಬಾಯಿಬಿಟ್ಟು ಕರೆಯುವಾಗ ಅದಕ್ಕೆ ಬರಿ "ಕೋಸು" ಎನ್ನುತ್ತಿದ್ದರು.

ಜಲಜಾಕ್ಷಿ ಒಂದು ಕೋಸನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು, ಮೀನು ಬಿಟ್ಟು ಬೇರೇನೂ ಬೆಂದಿರದ ಹಳೆಯ ಮಣ್ಣಿನ ಬಿಸಲೆಯನ್ನು ಅಟ್ಟದಿಂದ ಇಳಿಸಿದಳು. ಆ ಪಾತ್ರೆಯಲ್ಲಿ ಬರಿ ನೀರು ಕಾಯಿಸಿದರೂ ಬಂಗುಡೆಯ ವಾಸನೆ ಬರುತ್ತಿತ್ತು. ಕೋಸನ್ನು ದಿಂಡು ಬಿಡಿಸದೆ ಆರು ಹೋಳು ಮಾಡಿದಳು, ದಿಂಡು ಇದ್ದರೆ ಎಲೆಗಳು ಬಿಚ್ಚಿಕೊಳ್ಳುವುದಿಲ್ಲ. ಮೆಣಸು, ಕೊತ್ತಂಬರಿ, ಜೀರಿಗೆ ಹುರಿದು, ಹುಣಸೆಹುಳಿ ಬೆಳ್ಳುಳ್ಳಿ ಸೇರಿಸಿ ಬೆಣ್ಣೆಯ ಹಾಗೆ ಅರೆದಳು. ಒಂದು ಹಿಡಿ ಒಣ ಸಿಗಡಿಯನ್ನು ಹುರಿದು, ಪುಡಿ ಮಾಡಿ ಉದುರಿಸಿದಳು. ಬಂಗುಡೆಗೆ ಮಾಡುವ ಪುಳಿಮುಂಚಿ ಹೇಗೋ ಹಾಗೆಯೇ, ಒಂದು ಕೊರತೆಯೂ ಇಲ್ಲದೆ ಮಾಡಿ, ಕೆಂಪಗೆ ಕುದಿಸಿ ಇಳಿಸಿದಳು.

ಮಳೆ ಸುರಿಯುವ ಆಟಿ ತಿಂಗಳು ಆಗಷ್ಟೇ ಹುಟ್ಟಿತ್ತು. ಸಮುದ್ರಕ್ಕೆ ದೋಣಿ ಇಳಿಯುವುದಿಲ್ಲ. ಹಸಿ ಮೀನು ಕಂಡು ಶೆಟ್ಟರಿಗೆ ಹದಿನೆಂಟು ದಿನವಾಗಿತ್ತು. ಗದ್ದೆಯಿಂದ ಬರುತ್ತಿದ್ದವರು ಅಂಗಳದಲ್ಲೇ ನಿಂತು ಮೂಗೆತ್ತಿದರು, ಕೊಡೆ ಮಡಚದೆ ಒಳಗೆ ಬಂದರು, ವಾಲದೆ ಕುಳಿತರು. ಮೊದಲ ತುತ್ತಿಗೆ ಅವರ ಕಣ್ಣು ಮುಚ್ಚಿತು.

"ಎಲ್ಲಿಯದು ಇದು?"

"ಅಣ್ಣು ಕಳಿಸಿದ್ದು, ಮುಂಡಾಜೆಯಿಂದ."

"ಯಾವುದು?"

ಜಲಜಾಕ್ಷಿ ಇದ್ದದ್ದನ್ನೇ ಹೇಳಿದಳು. "ಕೋಸು."

ಶೆಟ್ಟರ ಕೈ ಎಲೆಯ ಮೇಲೆ ನಿಂತಿತು. ಅವರಿಗೆ ಗೊತ್ತಿಲ್ಲದ ಮೀನೊಂದು ಲೋಕದಲ್ಲಿದೆ! ಅದು ಏನೆಂದು ಕೇಳಬಹುದಿತ್ತು. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಂಡಿತನಾದವನು ಮೀನಿನ ವಿಷಯವನ್ನು ಹೆಂಡತಿಯ ಹತ್ತಿರ ಕೇಳುವುದೇ?

"ಹಾಂ, ಕೋಸು" ಎಂದರು ಶೆಟ್ಟರು. "ಗೊತ್ತುಂಟು. ಈಗೀಗ ಬರುವುದು ಕಡಿಮೆಯಾಗಿದೆ."

ಜಲಜಾಕ್ಷಿ ಕುಸುಮಳ ಮುಖ ನೋಡಿದಳು. ಕುಸುಮ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಶೆಟ್ಟರು ಆರೂ ಹೋಳು ಮುಗಿಸಿ, ಬೆರಳು ನೆಕ್ಕಿ, "ಒಂದು ಮುಳ್ಳು ಇಲ್ಲ ನೋಡು" ಎಂದು ಆಶ್ಚರ್ಯಪಟ್ಟರು. ಮನುಷ್ಯ ಇಷ್ಟು ಮೋಸ ಹೋಗುವುದುಂಟೇ ಎಂದು ಕೇಳುವವರು ಹದಿನೆಂಟು ದಿನ ಮೀನಿಲ್ಲದೆ ಇದ್ದು ನೋಡಲಿ.

ಮರುದಿನ ಜಲಜಾಕ್ಷಿ ಕೋಸನ್ನು ಸಣ್ಣಗೆ ಕೊಚ್ಚಿ, ತೆಂಗಿನತುರಿ ಮಸಾಲೆ ಹಾಕಿ ಸುಕ್ಕ ಮಾಡಿದಳು. ಅದನ್ನು ಬಾಯಿಗಿಟ್ಟು ಶೆಟ್ಟರು "ಇದು ಅದರ ಮೊಟ್ಟೆ" ಎಂದು ತೀರ್ಪು ಕೊಟ್ಟರು. ಮೂರನೆಯ ದಿನ ಎಲೆಗಳನ್ನು ಬಿಡಿಸಿ, ಅಕ್ಕಿ ಮೆಣಸು ಅರೆದು ಸವರಿ, ಪತ್ರೊಡೆಯ ಹಾಗೆ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು, ತೆಂಗಿನೆಣ್ಣೆ ಬಿಟ್ಟು ಕಾವಲಿಯಲ್ಲಿ ಕೆಂಪಗೆ ಕಾಯಿಸಿದಳು. ಅದು ಬಾಲದ ಕಡೆಯ ಭಾಗವೆಂದು ಗೊತ್ತಾಯಿತು. ನಾಲ್ಕನೆಯ ದಿನ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದಳು, ಅದು ಮರಿ ಕೋಸು. ಐದನೆಯ ದಿನ ತೆಂಗಿನಹಾಲು ಹಿಂಡಿ ಗಸಿ ಮಾಡಿದಳು, ಅದು ಹೆಣ್ಣು ಕೋಸು. ದಿನಾ ಶೆಟ್ಟರು ಹೊಸದೊಂದನ್ನು ಕಂಡುಹಿಡಿಯುತ್ತ ಹೋದರು, ದಿನಾ ಜಲಜಾಕ್ಷಿ ಹೊಸದೊಂದನ್ನು ಅರೆಯುತ್ತ ಹೋದಳು. ಅಣ್ಣುವಿನ ಎರಡನೆಯ ಚೀಲವೂ ಬಂದು ನೇರ ಅಡಿಗೆಮನೆ ಸೇರಿತು, ಶೆಟ್ಟರು ಅಲ್ಲಿಗೆ ಕಾಲಿಟ್ಟವರಲ್ಲ.

ಘಟ್ಟದ ಕಡೆಯಿಂದ ಮೀನು ಬರುವುದು ಹೇಗೆ ಎಂಬುದಕ್ಕೂ ಶೆಟ್ಟರು ಉತ್ತರ ಹುಡುಕಿದರು. "ಅದು ಘಟ್ಟದ ಮೇಲಿನ ಕೆರೆಯ ಮೀನು" ಎಂದು ಜಗಲಿಯಲ್ಲಿ ಕೂತು ನೆರೆಯವರಿಗೆ ವಿವರಿಸಿದರು. "ಕೆರೆಯಲ್ಲಿ ಅಲೆ ಇಲ್ಲ, ಈಜುವ ಕೆಲಸ ಕಡಿಮೆ. ಕೆಲಸ ಇಲ್ಲದವನಿಗೆ ಮೂಳೆ ಯಾಕೆ?" ನೆರೆಯವರು ತಲೆಯಾಡಿಸಿದರು. ಅವರಿಗೂ ಹಾಗೆಯೇ ಅನ್ನಿಸಿತು, ಅನ್ನಿಸದಿದ್ದರೆ ಆ ಮಳೆಯಲ್ಲಿ ಎದ್ದು ಮನೆಗೆ ಹೋಗಬೇಕಿತ್ತು.

ಮೂರು ವಾರದಲ್ಲಿ ಶೆಟ್ಟರು ನೆಟ್ಟಗೆ ಕುಳಿತುಕೊಳ್ಳತೊಡಗಿದರು. ಮೂಡುಬಿದಿರೆಗೆ ಹೋಗಿ ಡಾಕ್ಟರ ಮುಂದೆ ಗಟ್ಟಿಮರದ ಬೆಂಚಿನ ಮೇಲೆ ಎರಡೆರಡು ಸಲ ಕುಳಿತು ಎದ್ದು ತೋರಿಸಿ, "ಮೀನಿನಿಂದ ಗುಣವಾದದ್ದು" ಎಂದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲಿಂದ ಶೆಟ್ಟರು ನೇರವಾಗಿ ಅಬ್ದುಲ್ ಶುಕೂರ್ ಬ್ಯಾರಿಗಳ ಒಣಮೀನಿನ ಅಂಗಡಿಗೆ ಹೋದರು.

"ಶುಕೂರ್ ಬ್ಯಾರಿ, ಕೋಸು ಉಂಟಾ?"

ಶುಕೂರ್ ಬ್ಯಾರಿಗಳಿಗೆ ವ್ಯಾಪಾರದಲ್ಲಿ ಒಂದು ನೇಮವಿತ್ತು. ಗಿರಾಕಿ ಏನು ಕೇಳಿದರೂ "ಇಲ್ಲ" ಎನ್ನಬಾರದು, "ಗೊತ್ತಿಲ್ಲ" ಎಂದಂತೂ ಅನ್ನಲೇಬಾರದು. ಅದರ ಮೇಲೆ ಮೀನಿನ ಪಂಡಿತರೇ ಬಂದು ಒಂದು ಮೀನಿನ ಹೆಸರು ಹೇಳಿದ ಮೇಲೆ ಆ ಮೀನು ಇಲ್ಲದೆ ಇರುತ್ತದೆಯೇ?

"ಕೋಸಾ ಶೆಟ್ರೇ? ನಿನ್ನೆ ಬಂದಿತ್ತು. ಬಂದರೆ ನಿಲ್ಲುವುದಿಲ್ಲ ಅದು, ಹತ್ತು ನಿಮಿಷ. ದೊಡ್ಡ ದೊಡ್ಡವರೆಲ್ಲ ಕಾದು ಕೂತಿರ್ತಾರೆ."

"ಮುಳ್ಳಿಲ್ಲ ಅದಕ್ಕೆ."

"ಮುಳ್ಳಾ? ಕೋಸಿಗೆ ಮುಳ್ಳು ಎಲ್ಲಿಂದ? ಮುಳ್ಳಿದ್ದರೆ ಅದು ಕೋಸೇ ಅಲ್ಲ!"

ಹೀಗೆ ಒಬ್ಬರ ಅಜ್ಞಾನಕ್ಕೆ ಇನ್ನೊಬ್ಬರ ಅಜ್ಞಾನ ಸಾಕ್ಷಿ ನಿಂತಿತು. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ಅದನ್ನು ನಾಲ್ಕು ದಿಕ್ಕಿಗೆ ಕೊಂಡುಹೋದರು. ಎರಡು ಮೂರು ದಿನದಲ್ಲಿ ಮುಳ್ಳಿಲ್ಲದ ಕೋಸಿನ ಸುದ್ದಿ ಇತ್ತ ಬೆಳ್ತಂಗಡಿ, ಅತ್ತ ಬಂಟ್ವಾಳ ಮುಟ್ಟಿತು. ಬಂಟ್ವಾಳ ಮುಟ್ಟಿದ್ದೇ ಎಲ್ಲಕ್ಕೂ ಕಾರಣ.

ಬಂಟ್ವಾಳದಲ್ಲಿ ರಮಾನಾಥ ಆಳ್ವರೆಂಬ ಮರ್ಯಾದಸ್ಥರಿದ್ದರು. ಅವರ ಮಗ ಹೈಸ್ಕೂಲಿನಲ್ಲಿ ಮಾಸ್ತರು. ಕುಸುಮಳಿಗೆ ಆ ಹುಡುಗ ಆಗಬಹುದು ಎಂದು ಶೆಟ್ಟರಿಗೂ ಜಲಜಾಕ್ಷಿಗೂ ಎರಡು ವರ್ಷದಿಂದ ಆಸೆ. ಪೊಳಲಿಯ ದೇವಸ್ಥಾನದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು. ಕುಸುಮ ಬಾಯಿಬಿಟ್ಟು ಏನೂ ಹೇಳದಿದ್ದರೂ ಅಂದಿನಿಂದ ಬಂದ ಬೇರೆ ಎರಡು ಸಂಬಂಧಗಳಿಗೆ ತಲೆನೋವೆಂದು ಮಲಗಿಬಿಟ್ಟಿದ್ದಳು. ಆದರೆ ಆಳ್ವರು ಸುಲಭದ ಆಸಾಮಿಯಲ್ಲ. ಆಗಲೇ ನಾಲ್ಕು ಮನೆಗಳಿಗೆ ಹೋಗಿ, ಊಟ ಮಾಡಿ, ಬಾಯಿ ಒರೆಸಿ "ಬೇಡ" ಎಂದು ಬಂದವರು. ಕುಸುಮಳ ಪುಣ್ಯಕ್ಕೆ ಐದನೆಯ ಮನೆ ಯಾವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಆಳ್ವರೂ ಮುಳ್ಳಿಲ್ಲದ ಮೀನಿನ ಸುದ್ದಿ ವಿಚಾರಿಸಿದ್ದಾರೆಂದು ಕೇಳಿ ಶೆಟ್ಟರು ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋಗಿ ಆಳ್ವರ ಚಾವಡಿಯಲ್ಲಿ ನೆಟ್ಟಗೆ ಕುಳಿತರು. ಆಳ್ವರು ಮೀನಿನ ಮಾತನ್ನು ತಾವಾಗಿಯೇ ಎತ್ತಿದರು. ಹನ್ನೆರಡು ವರ್ಷದ ಹಿಂದೆ ಒಂದು ಮದುವೆಯ ಊಟದಲ್ಲಿ ಅವರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡು, ಮೂರು ದಿನ ನರಳಿ, ಕಡೆಗೆ ಮಂಗಳೂರಿನಲ್ಲಿ ಇಕ್ಕಳ ಹಾಕಿ ತೆಗೆಸಬೇಕಾಯಿತಂತೆ. ಅಂದಿನಿಂದ ಮೀನು ಮುಟ್ಟಿಲ್ಲ. ಆ ಮುಳ್ಳನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು, ಶೆಟ್ಟರಿಗೂ ತೋರಿಸಿದರು.

"ಬಂಗುಡೆಯದ್ದು. ಮಲ್ಪೆ" ಎಂದರು ಶೆಟ್ಟರು, ಗೌರವದಿಂದ.

"ನನಗೆ ಎರಡು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ ಶೆಟ್ರೇ" ಎಂದರು ಆಳ್ವರು, ಪೆಟ್ಟಿಗೆ ಮುಚ್ಚುತ್ತ. "ಒಂದು ಮುಳ್ಳು, ಇನ್ನೊಂದು ಸುಳ್ಳು. ಆ ನಾಲ್ಕು ಮನೆ ಬಿಟ್ಟದ್ದು ಯಾಕೆ? ಎಲ್ಲ ಸುಳ್ಳು. ಒಬ್ಬ ನೆರೆಮನೆಯ ಗದ್ದೆ ತೋರಿಸಿ ತನ್ನದು ಅಂದ. ಇನ್ನೊಬ್ಬ ಅಡಿಗೆಯವನ ಕೈಯಲ್ಲಿ ಮಾಡಿಸಿ ಮಗಳು ಮಾಡಿದ್ದು ಅಂದ. ನಿಮ್ಮಲ್ಲಿ ಮುಳ್ಳಿಲ್ಲದ ಮೀನು ಉಂಟು ಅಂತ ಕೇಳಿದೆ. ಅದು ನಿಜವಾ?"

"ನೂರಕ್ಕೆ ನೂರು. ನೀವು ನಮ್ಮಲ್ಲಿಗೆ ಊಟಕ್ಕೆ ಬರಬೇಕು. ಮುಳ್ಳು ಸಿಕ್ಕಿದರೆ ನನ್ನ ಮೀಸೆ ಬೋಳಿಸಿಕೊಳ್ತೇನೆ, ಶಿರ್ತಾಡಿ ಪೇಟೆಯಲ್ಲಿ ನಿಂತು."

"ಆದರೆ ಈಗ ಆಟಿ. ಆಟಿಯಲ್ಲಿ ಸಂಬಂಧದ ಮಾತು ಆಡುವ ಹಾಗಿಲ್ಲ."

"ಸಂಬಂಧ ಅಂತ ಯಾರು ಹೇಳಿದರು ಆಳ್ವರೇ? ಊಟ, ಬರಿ ಊಟ."

"ಹಾಗಾದರೆ ಬರಿ ಊಟಕ್ಕೆ ಬರ್ತೇನೆ. ಬರುವ ಆದಿತ್ಯವಾರ."

ಸಂಬಂಧದ ಮಾತು ಆಡದೆಯೇ ಇಬ್ಬರಿಗೂ ಎಲ್ಲ ತಿಳಿಯಿತು. ಮನೆಗೆ ಬಂದು ಶೆಟ್ಟರು ಈ ವಿಜಯವಾರ್ತೆಯನ್ನು ಹೇಳಿದಾಗ ಜಲಜಾಕ್ಷಿ ಸೌಟನ್ನು ಕೆಳಗಿಟ್ಟಳು.

"ನೋಡಿ, ನಾನೊಂದು ಹೇಳ್ತೇನೆ. ಕೋಸು ಅಂದರೆ..."

"ಕೋಸು ಅಂದರೆ ಎಂತ ಅಂತ ನನಗೆ ಹೇಳಿಕೊಡಬೇಡ. ಅರೆಯುವುದು ನಿನಗೆ ಗೊತ್ತು, ಮೀನು ನನಗೆ ಗೊತ್ತು."

"ಅದಲ್ಲ, ಅದು ಮೀನು..."

"ಮೀನಲ್ಲದೆ ಮತ್ತೆ ಎಂತ, ಸೊಪ್ಪಾ?" ಎಂದು ಶೆಟ್ಟರು ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಕೆಮ್ಮು ಬಂದು, ನೀರು ಕುಡಿಯಲು ಹೋದರು. ಹೆಂಡತಿ ಎರಡು ಸಲ ಹೇಳಹೋದಳು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಶೆಟ್ಟರು ನೆನಪಿಟ್ಟುಕೊಳ್ಳಲಿಲ್ಲ.

"ಅಮ್ಮ, ಹೇಗಾದರೂ ಹೇಳಿಬಿಡುವ" ಎಂದಳು ಕುಸುಮ. ಅವಳ ಕಣ್ಣಲ್ಲಿ ನೀರಿತ್ತು. "ಅವರು ಸುಳ್ಳು ಅಂತ ಎದ್ದು ಹೋದರೆ?"

"ಹೇಳಿದರೆ ನಿನ್ನ ಅಪ್ಪ ನಾಳೆಯಿಂದ ಮುಟ್ಟುವುದಿಲ್ಲ. ಆಟಿ ಮುಗಿಯಲು ಇನ್ನೂ ಒಂದು ವಾರ ಉಂಟು, ಮತ್ತೆ ವಾಲಿಕೊಂಡು ಕೂರ್ತಾರೆ. ಹೇಳದಿದ್ದರೆ..." ಎಂದು ಜಲಜಾಕ್ಷಿ ನಿಲ್ಲಿಸಿದಳು. ಆಟಿಯಲ್ಲಿ ಮುಂದಿನ ಮಾತು ಆಡಬಾರದು. ಸೊಂಟಕ್ಕೆ ಸೆರಗು ಸಿಕ್ಕಿಸಿ, "ನನ್ನನ್ನು ಯಾರಾದರೂ ಕೇಳಿದರೆ ಇದ್ದದ್ದು ಹೇಳ್ತೇನೆ. ಕೇಳುವವರೆಗೆ ಚೆನ್ನಾಗಿ ಅಡಿಗೆ ಮಾಡ್ತೇನೆ. 'ಬೇಡ' ಅಂತ ಎದ್ದು ಹೋಗುವುದಾದರೆ ಹೊಟ್ಟೆ ತುಂಬಿಸಿಕೊಂಡೇ ಹೋಗಲಿ" ಎಂದಳು. ಆ ಆದಿತ್ಯವಾರಕ್ಕೆ ಇನ್ನೊಂದು ಚೀಲ ಬೇಕೆಂದು ಅಣ್ಣುವಿಗೆ ಕಾಗದ ಹಾಕಿಸಿದಳು.

ಆದಿತ್ಯವಾರ ಆಳ್ವರು ಕೊಡೆ ಹಿಡಿದುಕೊಂಡು ಸರಿಯಾದ ಹೊತ್ತಿಗೆ ಬಂದರು. ಅವರ ಬೆನ್ನಿಗೇ ಕರೆಯದ ಅತಿಥಿಗಳಿಬ್ಬರು ಬಂದರು. ಒಬ್ಬರು ಶುಕೂರ್ ಬ್ಯಾರಿಗಳು. ಇನ್ನೊಬ್ಬರು ಪ್ಯಾಂಟು ಮೊಣಕಾಲಿಗೆ ಮಡಚಿ, ಕಂಕುಳಲ್ಲಿ ದೊಡ್ಡದೊಂದು ಗಾಜಿನ ಭರಣಿ ಹಿಡಿದಿದ್ದರು.

"ಇವರು ಮೀನಿನ ಇನ್ಸ್‌ಪೆಕ್ಟರು ಶೆಟ್ರೇ. ಮೈಸೂರು ಕಡೆಯವರು, ಹೊಸತಾಗಿ ಬಂದದ್ದು" ಎಂದರು ಶುಕೂರ್ ಬ್ಯಾರಿಗಳು, ಮೆಲ್ಲಗೆ. "ಕೋಸಿನ ಸುದ್ದಿ ಕೇಳಿ ನನ್ನ ಅಂಗಡಿಗೆ ಬಂದರು. ಅಲ್ಲಿ ಮುಗಿದಿದೆ ಅಂದೆ. ನಿಮ್ಮಲ್ಲಿ ಉಂಟು ಅಂತ ಕರಕೊಂಡು ಬಂದೆ."

"ನಮಸ್ಕಾರ" ಎಂದರು ಇನ್ಸ್‌ಪೆಕ್ಟರು. "ನಿಮ್ಮಲ್ಲಿ ಮುಳ್ಳಿಲ್ದೇ ಇರೋ ಹೊಸ ಜಾತಿ ಮೀನು ಸಿಕ್ಕಿದೆಯಂತಲ್ಲ? ನಮ್ಮ ರಿಜಿಸ್ಟರ್‌ನಲ್ಲಿ ಇಲ್ಲ. ಒಂದು ಹಸಿ ಮೀನು ಕೊಟ್ರೆ ಭರಣೀಲಿ ಹಾಕ್ಕೊಂಡು ಮೇಲಕ್ಕೆ ಕಳಿಸ್ತೀನಿ. ನಿಮ್ಮ ಹೆಸರೂ ಹೋಗತ್ತೆ."

ಸರಕಾರದ ರಿಜಿಸ್ಟರಿನಲ್ಲಿ ತಮ್ಮ ಹೆಸರು! ಅದೂ ಆಳ್ವರ ಎದುರಿಗೆ! ಶೆಟ್ಟರ ಮೀಸೆ ತಾನಾಗಿ ಮೇಲೆದ್ದಿತು. "ಮೊದಲು ಊಟ ಆಗಲಿ, ಇವತ್ತು ಹಸಿ ಮಾಲು ಬರ್ತದೆ" ಎಂದು ಎಲ್ಲರನ್ನೂ ಎಲೆಗೆ ಕೂರಿಸಿದರು. ಇನ್ಸ್‌ಪೆಕ್ಟರು ಮಾತ್ರ ತಾವು ಮೀನು ತಿನ್ನುವವರಲ್ಲ, ಇಲಾಖೆ ಹಾಕಿದಲ್ಲಿಗೆ ಬಂದವರು ಎಂದು ಹೇಳಿ, ಮೂಗಿಗೆ ಕರವಸ್ತ್ರ ಹಿಡಿದು ಜಗಲಿಯಲ್ಲೇ ಕುಳಿತರು.

ಜಲಜಾಕ್ಷಿ ಪುಳಿಮುಂಚಿ ಬಡಿಸಿದಳು. ಆಳ್ವರು ಒಂದು ಹೋಳನ್ನು ಬೆರಳಿನಿಂದ ಒತ್ತಿ ನೋಡಿದರು, ಎರಡು ಸಲ ತಿರುಗಿಸಿದರು, ಕಣ್ಣು ಮುಚ್ಚಿ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಕುಸುಮ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಆಳ್ವರು ನುಂಗಿ, ಕಣ್ಣು ತೆರೆದು ಶೆಟ್ಟರನ್ನು ನೋಡಿದರು.

"ಇದು ಕೋಸು?"

"ಕೋಸು."

"ಮೀನು?"

"ಮೀನೇ ಮತ್ತೆ!"

"ಹೂಂ" ಎಂದರು ಆಳ್ವರು. ಅದು ಎಂಥ ಹೂಂ ಎಂದು ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡರು. ಸುಕ್ಕವನ್ನು ಮೂರು ಸಲ ಹಾಕಿಸಿಕೊಂಡರು. ಕಾವಲಿಯಲ್ಲಿ ಕಾಯಿಸಿದ್ದು ಅವರೊಬ್ಬರ ಎಲೆಗೇ ಮುಗಿಯಿತು. ಶೆಟ್ಟರು "ಮುಳ್ಳು?" ಎಂದು ಕೇಳಿದರು, ಆಳ್ವರು "ಇಲ್ಲ" ಎಂದು ತಲೆಯಾಡಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬುದು ಶೆಟ್ಟರಿಗೆ ಗೊತ್ತಿತ್ತು, ಆದರೂ ಮನಸ್ಸಿನಲ್ಲಿ ಚಪ್ಪರ ಹಾಕಿಸಿ ಮುಗಿದಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಅಣ್ಣುವಿನ ಧ್ವನಿ ಕೇಳಿತು. ಸಂಬಂಧದ ವಿಷಯದಲ್ಲಿ ಹುಡುಗಿಯ ಸೋದರಮಾವ ಇಲ್ಲದಿದ್ದರೆ ಹೇಗೆ ಎಂದು ಅವನೇ ಚೀಲ ಹೊತ್ತುಕೊಂಡು ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದ. ಒಳಗಿನ ಗೊಂದಲವೊಂದೂ ಅವನಿಗೆ ತಿಳಿಯದು.

"ಅಕ್ಕಾ, ಕೋಸು ತಂದಿದ್ದೇನೆ! ಒಳ್ಳೆ ತಾಜಾ!"

"ಸ್ಪೆಸಿಮನ್!" ಎಂದು ಇನ್ಸ್‌ಪೆಕ್ಟರು ಭರಣಿ ಹಿಡಿದು ಎದ್ದರು. ಶೆಟ್ಟರು ಎಂಜಲು ಕೈಯಲ್ಲೇ ಹೊರಗೆ ಓಡಿದರು. ಅಣ್ಣು ಚೀಲದ ಬಾಯಿ ಬಿಚ್ಚಿ ತಲೆಕೆಳಗು ಮಾಡಿದ. ಹಸುರು ಬಿಳುಪಿನ ಎಲೆಕೋಸುಗಳು ಹತ್ತು ಹನ್ನೆರಡು ಜಗಲಿಯಲ್ಲಿ ಉರುಳಿದವು, ಒಂದು ಉರುಳಿ ಬಂದು ಶೆಟ್ಟರ ಕಾಲಿಗೆ ತಾಗಿ ನಿಂತಿತು.

ಶೆಟ್ಟರು ಚೀಲದೊಳಗೆ ಇಣುಕಿದರು. "ಮೀನು ಎಲ್ಲಿ?"

"ಯಾವ ಮೀನು ಭಾವ?" ಎಂದ ಅಣ್ಣು.

"ಏನ್ರೀ ಇದು!" ಎಂದರು ಇನ್ಸ್‌ಪೆಕ್ಟರು. ಮೂಗಿನ ಕರವಸ್ತ್ರ ತೆಗೆದಿದ್ದರು. "ಇದು ಎಲೆಕೋಸು! ನಮ್ಮನೇಲಿ ವಾರಕ್ಕೆ ಮೂರು ದಿನ ಪಲ್ಯ ಮಾಡ್ತಾರೆ!"

"ಇದು ಮುಟ್ಟಕೋಸು ಅಲ್ವಾ?" ಎಂದು ಶುಕೂರ್ ಬ್ಯಾರಿಗಳು ಬಾಗಿ ನೋಡಿದರು. ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. ಆದರೆ ವ್ಯಾಪಾರಿ, ಬೇಗ ಚೇತರಿಸಿಕೊಂಡರು. "ನಮ್ಮ ಶೆಟ್ರಿಗೆ ತಮಾಷೆ ಜಾಸ್ತಿ ಇನ್ಸ್‌ಪೆಕ್ಟ್ರೇ! ನನಗೆ ಮೊದಲೇ ಗೊತ್ತಿತ್ತು, ನಾನೂ ಸೇರಿ ತಮಾಷೆ ಮಾಡಿದ್ದು!"

"ಹೌದು ಹೌದು, ಭಾವ ಯಾವಾಗಲೂ ಹಾಗೆಯೇ, ತಮಾಷೆ" ಎಂದ ಅಣ್ಣು. ಏನಾಗಿದೆ ಎಂದು ಅವನಿಗೆ ಅರ್ಥವಾಗದಿದ್ದರೂ ಭಾವನನ್ನು ಕಾಪಾಡಬೇಕು ಎಂಬಷ್ಟು ಅರ್ಥವಾಗಿತ್ತು.

ಶೆಟ್ಟರು ಹೆಂಡತಿಯ ಕಡೆಗೆ ತಿರುಗಿದರು. "ಜಲಜಾ, ನೀನು ನನಗೆ ಒಂದು ತಿಂಗಳು ಸುಳ್ಳು ಹೇಳಿದೆಯಾ?"

"ಒಂದು ದಿನವೂ ಇಲ್ಲ. ನೀವು ಯಾವುದು ಅಂತ ಕೇಳಿದಿರಿ, ಕೋಸು ಅಂದೆ. ಗೊತ್ತುಂಟು ಅಂದಿರಿ."

ಆಳ್ವರು ಎಲೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಬಲಗೈಯಲ್ಲಿ ಪುಳಿಮುಂಚಿಯ ಕೆಂಪು ಒಣಗುತ್ತಿತ್ತು. ಅವರ ಹಿಂದೆ ಕುಸುಮಳ ಮುಖ ಕಾಣಿಸಿತು. ತಮಾಷೆ ಎಂದು ನಕ್ಕುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಪಂಡಿತನ ಮಾನ ಉಳಿಯುತ್ತಿತ್ತು, ಶುಕೂರ್ ಬ್ಯಾರಿಗಳು ಸಾಕ್ಷಿ ಹೇಳುತ್ತಿದ್ದರು, ಅಣ್ಣು ಆಣೆ ಹಾಕುತ್ತಿದ್ದ. ಶೆಟ್ಟರು ನಗಲು ಬಾಯಿ ತೆರೆದರು. ಮಗಳ ಮುಖ ನೋಡಿ ಬಾಯಿ ಮುಚ್ಚಿದರು. ಆಮೇಲೆ ಕಾಲ ಬಳಿಯಿದ್ದ ಕೋಸನ್ನು ಎತ್ತಿ ಹೊಟ್ಟೆಗಾನಿಸಿಕೊಂಡು, ಆಳ್ವರ ಎದುರಿಗೆ ಹೋಗಿ ನಿಂತರು.

"ತಮಾಷೆ ಅಲ್ಲ ಆಳ್ವರೇ" ಎಂದರು. "ನಾನು ಮೀನು ಅಂತಲೇ ತಿಳಿದದ್ದು. ಒಂದು ತಿಂಗಳು ಎರಡು ಹೊತ್ತು ತಿಂದಿದ್ದೇನೆ. ಹೊಟ್ಟೆಗೆ ಗೊತ್ತಾಗಿತ್ತು ಕಾಣ್ತದೆ, ಗುಣ ಆಯಿತಲ್ಲ. ತಲೆಗೆ ಮಾತ್ರ ಗೊತ್ತಾಗಲಿಲ್ಲ." ಒಮ್ಮೆ ಉಸಿರೆಳೆದುಕೊಂಡು, ಐವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಸಾಕ್ಷಿಗಳ ಸಮಕ್ಷಮದಲ್ಲಿ, ಗಟ್ಟಿಯಾಗಿ ಹೇಳಿದರು: "ಕೋಸು ಅಂದರೆ ಎಂತ ಅಂತ ನನಗೆ ಗೊತ್ತಿರಲಿಲ್ಲ."

ಆಳ್ವರು ಅಂಗಳಕ್ಕೆ ಇಳಿದು, ಚೊಂಬಿನ ನೀರಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಹೆಗಲ ಬೈರಾಸಿನಿಂದ ಒರೆಸಿಕೊಂಡರು. ಆ ನಾಲ್ಕು ಮನೆಗಳಲ್ಲೂ ಹೀಗೆಯೇ ಬಾಯಿ ಒರೆಸಿಕೊಂಡಿದ್ದರೆಂದು ಎಲ್ಲರಿಗೂ ನೆನಪಾಯಿತು. ಜಲಜಾಕ್ಷಿ ಕಂಬ ಹಿಡಿದುಕೊಂಡಳು.

"ಮೀನು ಬಿಟ್ಟ ಮೇಲೆ ಹನ್ನೆರಡು ವರ್ಷ ನಾನು ಎಂತ ತಿಂದು ಬದುಕಿದೆ ಅಂತ ಮಾಡಿದ್ದೀರಿ ಶೆಟ್ರೇ?" ಎಂದರು ಆಳ್ವರು. "ಬಂಟ್ವಾಳ ಪೇಟೆಗೆ ಈ ಕೋಸು ಬರಲು ಶುರುವಾಗಿ ಐದು ವರ್ಷ ಆಯಿತು. ನಮ್ಮ ಮನೆಯಲ್ಲಿ ದಿನಾ ಅದೇ, ಬೇಯಿಸಿ ಉಪ್ಪು ಹಾಕಿ ಕೊಡ್ತಾರೆ. ಮೀನಿಗೂ ಅದೇ ಹೆಸರು ಇರಬಹುದು ಅಂತ ಮಾಡಿದ್ದೆ, ಮೊದಲ ತುತ್ತಿಗೇ ನನಗೆ ಗೊತ್ತಾಯಿತು."

"ಮತ್ತೆ ಯಾಕೆ ಹೇಳಲಿಲ್ಲ?"

"ಇದು ಐದನೆಯ ಸುಳ್ಳು, ಊಟ ಮುಗಿಸಿ ಹೊರಡುವ ಅಂತ ಇದ್ದೆ. ಊಟ ಚೆನ್ನಾಗಿತ್ತು, ನಡುವೆ ಏಳಲು ಮನಸ್ಸಾಗಲಿಲ್ಲ." ಆಳ್ವರು ಕೊಡೆ ಕೈಗೆತ್ತಿಕೊಂಡರು. "ನಾಲ್ಕು ಮನೆಗೆ ಹೋದೆ. ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂದವರು ನೀವೊಬ್ಬರೇ. ಈಗ ಆಟಿ, ನಾನು ಎಂತದೂ ಹೇಳುವ ಹಾಗಿಲ್ಲ. ಇದು ಕಳೆದು ಸೋಣ ತಿಂಗಳು ಹುಟ್ಟಲಿ. ಮನೆಯವಳನ್ನೂ ಮಗನನ್ನೂ ಕರಕೊಂಡು ಬರ್ತೇನೆ. ಆಗ ಮಾತಾಡುವ."

ಬಾಗಿಲ ಹಿಂದೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಅಣ್ಣು ಸೋದರಮಾವನ ಗಾಂಭೀರ್ಯದಿಂದ ತಲೆಯಾಡಿಸಿದ. ಶುಕೂರ್ ಬ್ಯಾರಿಗಳು ಎಲ್ಲದಕ್ಕೂ ತಾವೇ ಕಾರಣ ಎಂಬಂತೆ ಎಲ್ಲರನ್ನೂ ನೋಡಿ ನಕ್ಕರು. ಇನ್ಸ್‌ಪೆಕ್ಟರು ಒಂದು ಕೋಸನ್ನು ಭರಣಿಯ ಬಾಯಿಗೆ ಹಿಡಿದು ನೋಡಿ, ಹಿಡಿಸದೆ, ಮನೆಗೆ ಪಲ್ಯಕ್ಕಾಗುತ್ತದೆಂದು ಕಂಕುಳಲ್ಲಿ ಇಟ್ಟುಕೊಂಡರು.

"ಸೋಣದಲ್ಲಿ ಖಂಡಿತ ಬನ್ನಿ" ಎಂದಳು ಜಲಜಾಕ್ಷಿ, ಕಣ್ಣೊರೆಸಿಕೊಳ್ಳುತ್ತ. "ಅಷ್ಟು ಹೊತ್ತಿಗೆ ಹಿತ್ತಲಲ್ಲಿ ಮುಳ್ಳುಸೌತೆ ಆಗಿರ್ತದೆ."

ಆಳ್ವರು ಹಾರಿಬಿದ್ದರು. ಅವರ ಕೈ ತಾನಾಗಿಯೇ ಗಂಟಲಿಗೆ ಹೋಯಿತು. "ಮುಳ್ಳಾ?"

"ಹೆದರಬೇಡಿ ಆಳ್ವರೇ. ಅದು ತರಕಾರಿ" ಎಂದರು ಶೆಟ್ಟರು, ಕೋಸನ್ನು ಇನ್ನೂ ಅಪ್ಪಿಕೊಂಡೇ. "ಅದಕ್ಕೆ ಮುಳ್ಳು ಹೆಸರಿನಲ್ಲಿ ಮಾತ್ರ." ಆಮೇಲೆ ಹೆಂಡತಿಯ ಕಡೆಗೆ ಬಾಗಿ ಮೆಲ್ಲಗೆ ಕೇಳಿದರು:

"ಅಲ್ವಾ?"